ಹೋಸಿಯತ್ ಬೆಟ್ಟಕ್ಕೆಂದು ಆರಿಸಿದ ಚಾಕು

ನಮ್ಮ ಮರ್ಗುಝೋರ್ ಕಣಿವೆಗೆ ಬಂದು ಹೋಸಿಯತ್ ಸುಟ್ಟ ರೊಟ್ಟಿ ತಿನ್ನದೆ ಬೆಟ್ಟ ಹತ್ತಿದ ಚಾರಣಿಗರು ಕಡಿಮೆ. ಒಂಬತ್ತು ವರ್ಷ ಅವಳು ಗುಂಪುಗಳ ಜೊತೆ ಅಡುಗೆಯವಳಾಗಿ ಹೋದಳು. ದಾರಿ ತೋರಿಸುವ ಗಂಡಸರು ಮುಂದೆ ಕೈಬೀಸಿಕೊಂಡು ನಡೆಯುತ್ತಿದ್ದರು, ಇವಳು ಹಿಂದೆ ಪಾತ್ರೆ ಹೊತ್ತು ನಡೆಯುತ್ತಿದ್ದಳು. ಮಂಜು ಕವಿದು ದಾರಿ ಕಾಣದಾದಾಗ ಮಾತ್ರ ಆ ಗಂಡಸರು ನಿಂತು ಅವಳನ್ನು ಕಾಯುತ್ತಿದ್ದರು. "ಹೋಸಿಯತ್, ಎಡಕ್ಕೋ, ಬಲಕ್ಕೋ?" ಎಂದು ಬೇರೆಯವರಿಗೆ ಕೇಳಿಸದ ಹಾಗೆ ವಿಚಾರಿಸುತ್ತಿದ್ದರು. ಅವಳೂ ಬೇರೆಯವರಿಗೆ ಕೇಳಿಸದ ಹಾಗೆ ಹೇಳುತ್ತಿದ್ದಳು.

ನಲವತ್ತೊಂದನೆಯ ವಯಸ್ಸಿನಲ್ಲಿ ಅವಳು, ಮಾರ್ಗದರ್ಶಕರ ಪರೀಕ್ಷೆಗೆ ತಾನೇ ಹೋಗುತ್ತೇನೆ ಎಂದಳು. ನಮ್ಮ ಕಣಿವೆಯಲ್ಲಿ ಅಲ್ಲಿಯವರೆಗೆ ಯಾವ ಹೆಂಗಸೂ ಹಾಗೆ ಹೋದದ್ದಿರಲಿಲ್ಲ. ಅವಳ ಗಂಡ ಜೇನು ಸಾಕುವವನು, ಮಾತು ಕಡಿಮೆ. "ಹೋಗ್ಬಾ" ಎಂದಷ್ಟೇ ಹೇಳಿ ಪೆಟ್ಟಿಗೆಗಳ ಕಡೆಗೆ ಹೋದ. ಮೈದುನ ಜಿಕ್ರಿಯೋ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನದು ಕತ್ತೆಗಳ ಮೇಲೆ ಚಾರಣಿಗರ ಹೊರೆ ಸಾಗಿಸುವ ಕೆಲಸ.

"ಅತ್ತಿಗೆ, ಪರೀಕ್ಷೇಲಿ ಸೂಪ್ ಮಾಡಕ್ಕೆ ಹೇಳ್ತಾರೇನೋ ಅಂದ್ಕೊಂಡಿದೀರಾ?"

"ಹೇಳಿದ್ರೆ ಮಾಡ್ತೀನಿ ಕಣೋ. ನಿಂಗೆ ಮಾತ್ರ ಬಡಿಸಲ್ಲ."

ಪರೀಕ್ಷೆಗೆ ಬೇಕಾದ ಸಾಮಾನುಗಳ ಪಟ್ಟಿ ಬಂತು. ಒಂದನ್ನು ಬಿಟ್ಟು ಎಲ್ಲವೂ ಅವಳ ಬಳಿ ಇದ್ದವು. ಇಲ್ಲದ್ದು ಒಂದು ಒಳ್ಳೆಯ ಚಾಕು. ಈ ವಿಷಯದಲ್ಲಿ ಅವಳು ಸಾಕಷ್ಟು ಅನುಭವಿಸಿದ್ದಳು. ಮೊದಲ ವರ್ಷ ಅಡುಗೆಮನೆಯ ಚಾಕುವನ್ನೇ ಬಟ್ಟೆಯಲ್ಲಿ ಸುತ್ತಿ ಒಯ್ದಿದ್ದಳು. ಅದು ಚೀಲವನ್ನು ತೂರಿ ಒಬ್ಬ ಜರ್ಮನ್ ಮುದುಕನ ಮಲಗುವ ಚೀಲವನ್ನೂ ಸೀಳಿತು. ಅದರೊಳಗಿನ ಬಾತುಕೋಳಿಯ ಪುಕ್ಕ ಘಟ್ಟದ ತುಂಬಾ ಹಾರಾಡಿತು. ಆಮೇಲೆ ಯಾರೋ ಪ್ರವಾಸಿ ಪ್ರೀತಿಯಿಂದ ಕೊಟ್ಟು ಹೋದ ಮಡಚುವ ಚಾಕು ಬಂತು. ಕತ್ತರಿ, ಗರಗಸ, ಹಲ್ಲುಕಡ್ಡಿ ಎಲ್ಲ ಇದ್ದ ಚಾಕು. ಒಂದು ಬೆಳಿಗ್ಗೆ ಕೀಲಿನೊಳಗೆ ಮರಳು ಸೇರಿ, ಚಳಿಗೆ ಮರಗಟ್ಟಿದ ಬೆರಳಿಗೆ ಅದು ಬಿಚ್ಚಿಕೊಳ್ಳಲೇ ಇಲ್ಲ. ಗುಡಾರದ ಗಂಟನ್ನು ಅವಳು ಹಲ್ಲಿನಿಂದ ಬಿಚ್ಚಬೇಕಾಯಿತು.

"ಸಫರಣ್ಣ, ಇಸ್ತರವ್ಶನ್‌ಗೆ ಕರ್ಕೊಂಡು ಹೋಗ್ತೀಯಾ?" ಎಂದು ನನ್ನನ್ನು ಕೇಳಿದಳು. ನಾನು ಅವಳ ದೊಡ್ಡಪ್ಪನ ಮಗ, ನನ್ನದೊಂದು ವ್ಯಾನ್ ಇದೆ. ಜಿಕ್ರಿಯೋ ಕರೆಯದೆಯೇ ಹತ್ತಿ ಕೂತ. ಶಹ್ರಿಸ್ತಾನ್ ಸುರಂಗ ದಾಟಿ, ನಡು ಹಗಲಿಗೆ ಕಮ್ಮಾರರ ಸಾಲು ತಲುಪಿದೆವು.

ಅಲ್ಲಿ ಕಹ್ಹೋರ್ ಎಂಬ ಕಮ್ಮಾರರಿದ್ದರು; ಕಸುಬಿನ ಗುರು ಎಂದು ಎಲ್ಲರೂ ಅವರನ್ನು 'ಉಸ್ತೊ' ಎನ್ನುತ್ತಿದ್ದರು. ಅಜ್ಜನ ಕಾಲದಿಂದ ಅವರ ಮನೆಯಲ್ಲಿ ಚಾಕುವಿನದೇ ಕೆಲಸ. ಜಿಕ್ರಿಯೋ ಅಂಗಡಿಗೆ ಕಾಲಿಟ್ಟದ್ದೇ ತಡ, ಮೊಳದುದ್ದದ ಒಂದನ್ನು ಎತ್ತಿಕೊಂಡ. ಅಲಗಿನ ಮೇಲೆ ಕಾಡುಮೇಕೆಯ ಚಿತ್ರ, ಹಿಡಿಯಲ್ಲಿ ಮುತ್ತಿನ ಚಿಪ್ಪು.

"ಅತ್ತಿಗೆ, ಇದು ನೋಡಿ! ತೋಳ ಬಂದ್ರೆ ಇದನ್ನ ತೋರ್ಸಿದ್ರೆ ಸಾಕು, ಓಡ್ಹೋಗುತ್ತೆ."

"ತೋಳ ನಿನ್ನ ಮುಖ ನೋಡೇ ಓಡ್ಹೋಗುತ್ತೆ. ಅದನ್ನ ಅಲ್ಲೇ ಇಡು."

ಅವಳು ತನ್ನ ಚೀಲದಿಂದ ಒಂದೊಂದಾಗಿ ಸಾಮಾನು ತೆಗೆದಿಟ್ಟಳು. ಜರ್ದಾಲು ಹಣ್ಣಿನ ಮರದ ಒಣಗಿದ ಕೊಂಬೆ, ಒಂದು ತುಂಡು ಹಗ್ಗ, ಹಳೆಯ ಉಣ್ಣೆಯ ಕೈಗವಸು, ಗಟ್ಟಿಯಾದ ರೊಟ್ಟಿ. ಉಸ್ತೊ ಹುಬ್ಬೇರಿಸಿದರು.

"ಏನಮ್ಮಾ ಇದು? ಇಲ್ಲೇ ಒಲೆ ಹೂಡ್ತೀಯಾ?"

"ಇಲ್ಲ ಉಸ್ತೊ. ನಿಮ್ಮ ಚಾಕುಗಳ ಜೊತೆ ಒಂಚೂರು ಬೆಟ್ಟ ಹತ್ತಿ ನೋಡ್ತೀನಿ."

ಕೈಗವಸು ತೊಟ್ಟು ಹಿಡಿ ನೋಡಿದಳು. ಹಗ್ಗವನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ಕತ್ತರಿಸಿದಳು, ಗಟ್ಟಿ ರೊಟ್ಟಿಯನ್ನು ಹೋಳು ಮಾಡಿದಳು. ಕೊಂಬೆಯನ್ನು ಸೀಳಿ, ಒಲೆ ಹಚ್ಚಲು ಬೇಕಾಗುವಂಥ ತೆಳ್ಳನೆಯ ಸುರುಳಿ ಎಬ್ಬಿಸಿದಳು. ಉಸ್ತೊ ಕುಡಿಯುತ್ತಿದ್ದ ಶೀರ್‌ಚಾಯ್ ಎಂಬ ಹಾಲಿನ ಚಹಾದ ಮೇಲೆ ತೇಲುತ್ತಿದ್ದ ಬೆಣ್ಣೆಗೆ, ಅಪ್ಪಣೆ ಕೇಳಿಯೇ, ಬೆರಳದ್ದಿ ಹಿಡಿಗೆ ಸವರಿದಳು. ಮುತ್ತಿನ ಚಿಪ್ಪಿನ ಚಾಕು ಅವಳ ಮುಷ್ಟಿಯಿಂದ ಮೀನಿನಂತೆ ಜಾರಿ ನೆಲಕ್ಕೆ ಬಿತ್ತು. ಆಮೇಲೆ ಕಣ್ಣು ಮುಚ್ಚಿ ಎಡಗೈಯಿಂದ ಒರೆಯೊಳಗಿಂದ ಹಿರಿದು ನೋಡಿದಳು. ಚಾಕು ಮತ್ತೆ ಒಳಗಿಟ್ಟು ಒರೆಯನ್ನು ತಲೆಕೆಳಗು ಹಿಡಿದು ಕುಲುಕಿದಳು. ಹನ್ನೊಂದು ಚಾಕು ಬದಿಗೆ ಸರಿದವು. ಸುತ್ತಲಿನ ಅಂಗಡಿಯವರು ಕೆಲಸ ಬಿಟ್ಟು ಬಂದು ನಿಂತರು.

"ಉಸ್ತೊ, ಇವತ್ತು ನಿಮ್ಗೆ ಸರಿಯಾದ ಅತ್ತೆ ಸಿಕ್ಕಿದ್ಲು!" ಎಂದು ಒಬ್ಬ ಕೂಗಿದ.

ಉಸ್ತೊ ಮುಖ ಕೆಂಪಾಗಿತ್ತು. "ನಲವತ್ತು ವರ್ಷದಿಂದ ಚಾಕು ಮಾಡ್ತಿದೀನಿ. ನನ್ನ ಮಾಲಿಗೆ ಬೆಣ್ಣೆ ಹಚ್ಚಿ ನೋಡಿದವರು ಇದುವರೆಗೆ ಯಾರೂ ಇಲ್ಲ. ನಿಂಗೆ ಬೇಕಾಗಿರೋದಾದ್ರೂ ಏನು?"

ಹೋಸಿಯತ್ ಎರಡು ಚಾಕು ಎತ್ತಿ ಹಿಡಿದಳು. ಒಂದು ಹಣ್ಣಿನ ಮರಗಳ ಕೊಂಬೆ ಸವರುವ ಚಾಕು. ಅಂಗೈಯುದ್ದದ ಅಲಗು, ಬೆನ್ನು ದಪ್ಪ, ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದದ್ದು. ಇನ್ನೊಂದು ಕುರಿಗಾಹಿಗಳದು. ಅಲಗು ತೆಳು, ಆದರೆ ಹಿಡಿ ದಪ್ಪ, ಒರಟು, ನಡುವೆ ಉಬ್ಬಿದ ವಾಲ್‌ನಟ್ ಮರದ್ದು.

"ಇದರ ಅಲಗು, ಇದರ ಹಿಡಿ. ಅಲಗಿನ ಕಬ್ಬಿಣ ಹಿಡಿಯ ಕೊನೇವರೆಗೂ ಒಳಗೆ ಹೋಗ್ಬೇಕು, ಕಲ್ಲಲ್ಲಿ ಬಡಿದ್ರೂ ಬಿಡಬಾರದು. ಒರೇನ ಸೊಂಟಕ್ಕಲ್ಲ, ಚೀಲದ ಎದೆಪಟ್ಟಿಗೆ ಕಟ್ಟೋ ಹಾಗೆ ಮಾಡ್ಕೊಡಿ. ಯಾವ ಕೈಗಾದ್ರೂ ಸಿಗ್ಬೇಕು. ಚಿತ್ರ ಗಿತ್ರ ಏನೂ ಬೇಡ."

ಉಸ್ತೊ ಎರಡನ್ನೂ ಕೈಯಲ್ಲಿ ತೂಗಿ ನೋಡಿದರು. ಒಂದರ ಅಲಗನ್ನು ಇನ್ನೊಂದರ ಹಿಡಿಯ ಪಕ್ಕಕ್ಕಿಟ್ಟು ಅಳೆದರು. ಕೊನೆಗೆ ಕುಲುಮೆಯ ಕಡೆ ತಿರುಗುತ್ತಾ, "ಇಂಥ ಮದುವೆ ನಾನು ಮಾಡ್ಸಿಲ್ಲ. ಆದ್ರೆ ಜೋಡಿ ಚೆನ್ನಾಗಿದೆ. ಕೂತ್ಕೋ" ಎಂದರು.

ಸಂಜೆಯ ಹೊತ್ತಿಗೆ ಚಾಕು ಸಿದ್ಧವಾಯಿತು. ಅವಳು ಹೇಳುವ ಮೊದಲೇ ಉಸ್ತೊ ತಾವೇ ಹಿಡಿಗೆ ಬೆಣ್ಣೆ ಸವರಿ ಮುಂದೆ ಚಾಚಿದರು. ಚಾಕು ಜಾರಲಿಲ್ಲ. ದಾರಿಯುದ್ದಕ್ಕೂ ಜಿಕ್ರಿಯೋ, "ಇಷ್ಟು ದೂರ ಬಂದು ಈರುಳ್ಳಿ ಹೆಚ್ಚೋ ಚಾಕು ತಗೊಂಡ್ರಲ್ಲಾ" ಎಂದು ಗೊಣಗುತ್ತಿದ್ದ.

ಪರೀಕ್ಷೆ ಮೂರು ದಿನದ ನಡಿಗೆ. ಪರೀಕ್ಷಕರು ಹೈದರೋವ್ ಮೇಷ್ಟ್ರು, ಹಳೆಯ ಪರ್ವತಾರೋಹಿ, ಅಳೆದು ತೂಗಿ ಮಾತಾಡುವವರು. ಅವರ ಜೊತೆ ಚಾರಣಿಗರ ಪಾತ್ರದಲ್ಲಿ ನಾಲ್ಕು ಜನ. ಹೊರೆಗೆ ಜಿಕ್ರಿಯೋ ಮತ್ತು ಅವನ ಕತ್ತೆ. ಈ ಸಲ ಅಡುಗೆಯವನು ನಾನು. ನನ್ನ ಸೂಪನ್ನು ಯಾರೂ ಹೊಗಳಲಿಲ್ಲ.

ಎರಡು ದಿನ ಏನೂ ತೊಂದರೆಯಾಗಲಿಲ್ಲ. ಮೂರನೆಯ ದಿನ ತವಾಸಂಗ್ ಘಟ್ಟದಿಂದ ಇಳಿಯುವಾಗ ಒಬ್ಬನ ಕಾಲು ಉಳುಕಿ ತಡವಾಯಿತು. ತೊರೆಯ ಬಳಿ ಬರುವಷ್ಟರಲ್ಲಿ ಮಧ್ಯಾಹ್ನ. ಬೆಳಿಗ್ಗೆ ಮೊಣಕಾಲುದ್ದ ಇರುವ ನೀರು, ಬಿಸಿಲಿಗೆ ಹಿಮ ಕರಗಿ ಸೊಂಟದವರೆಗೆ ಏರಿತ್ತು. ಬೂದಿಯ ಬಣ್ಣ, ಒಳಗೆ ಕಲ್ಲುಗಳು ಉರುಳುವ ಸದ್ದು.

"ಇಲ್ಲಿ ಯಾರೂ ಇಳೀಬೇಡಿ. ಮೇಲೆ ನೀರು ಮೂರು ಸೀಳಾಗಿ ಹರಿಯೋ ಜಾಗ ಇದೆ, ಅಲ್ಲಿ ದಾಟೋಣ" ಎಂದಳು ಹೋಸಿಯತ್. "ಜಿಕ್ರಿಯೋ, ಕತ್ತೆ ಹಗ್ಗಾನ ಕೈಗೆ ಸುತ್ಕೋಬೇಡ."

"ನನ್ನ ಕತ್ತೆ ಈ ತೊರೇನ ನೂರು ಸಲ ದಾಟಿದೆ, ಅತ್ತಿಗೆ" ಎನ್ನುತ್ತಲೇ ಅವನು ನೀರಿಗೆ ಇಳಿದ.

ನಾಲ್ಕು ಹೆಜ್ಜೆಗೆ ಕತ್ತೆಯ ಕಾಲಡಿಯ ಕಲ್ಲು ಉರುಳಿತು. ಹೊರೆಯ ಸಮೇತ ಅದು ಅಡ್ಡಬಿತ್ತು. ಮಣಿಕಟ್ಟಿಗೆ ಸುತ್ತಿದ ಹಗ್ಗ ಬಿಗಿದು ಜಿಕ್ರಿಯೋನನ್ನೂ ಎಳೆದುಕೊಂಡಿತು. ಒಮ್ಮೆ ಅವನ ಟೋಪಿ ಕಂಡಿತು, ಆಮೇಲೆ ಅದೂ ಇಲ್ಲ.

ನಾನು ಕೂಗುತ್ತಾ ನಿಂತೇ ಇದ್ದೆ. ಹೋಸಿಯತ್ ಮಾತ್ರ ದಡದುದ್ದಕ್ಕೂ ಓಡಿ, ನೀರು ತಿರುಗುವ ಕಡೆಯ ಬಂಡೆಯ ಮೇಲೆ ಬೋರಲಾಗಿ ಮಲಗಿ ಕಾದಳು. ಜಿಕ್ರಿಯೋ ಎದುರಿಗೆ ಬರುತ್ತಲೇ ಬಲಗೈಯಿಂದ ಅವನ ಕೊರಳಪಟ್ಟಿ ಹಿಡಿದಳು. ಒಂದು ಕೈಗೆ ಇಡೀ ಮನುಷ್ಯ, ಅವನ ಕೈಗೆ ಇಡೀ ಕತ್ತೆ. ಎಡಗೈ ಎದೆಪಟ್ಟಿಗೆ ಹೋದದ್ದು ಕಂಡಿತು. ಎರಡೇ ಎಳೆತ. ಬೆರಳು ದಪ್ಪದ ಒದ್ದೆ ಹಗ್ಗ ತುಂಡಾಯಿತು.

ಅವನನ್ನು ನಮ್ಮ ಕೈಗೆ ಒಪ್ಪಿಸಿ ಅವಳು ನೀರಿಗೇ ಇಳಿದಳು. "ಬೇಡ, ಬಿಡಮ್ಮಾ!" ಎಂದು ಮೇಷ್ಟ್ರು ಕೂಗಿದರು. ಕತ್ತೆ ಎರಡು ಬಂಡೆಗಳ ನಡುವೆ ಸಿಕ್ಕಿ, ಹೊರೆಯ ಭಾರಕ್ಕೆ ತಲೆ ಎತ್ತಲಾರದೆ ಒದ್ದಾಡುತ್ತಿತ್ತು. ಸೊಂಟದುದ್ದ ನೀರಿನಲ್ಲಿ ಬಂಡೆಗೆ ಆತುಕೊಂಡು, ಅದರ ಹೊಟ್ಟೆಪಟ್ಟಿಯ ಕೆಳಗೆ ಅಲಗು ತೂರಿಸಿ ಮೇಲಕ್ಕೆ ಎಳೆದಳು. ಪ್ರಾಣಿಯ ಚರ್ಮಕ್ಕೆ ಒಂದು ಗೀರೂ ಆಗಲಿಲ್ಲ. ಹೊರೆ ತೇಲಿಹೋಯಿತು. ಕತ್ತೆ ಎದ್ದು, ಮೈ ಕೊಡವಿ, ನಮಗೆಲ್ಲ ನೀರು ಸಿಡಿಸಿ ದಡ ಹತ್ತಿತು.

ಮೂರು ಗುಡಾರ, ಹಿಟ್ಟು, ನನ್ನ ಪಾತ್ರೆಗಳು ಎಲ್ಲ ಹೋದವು. ಚಳಿಗೆ ಹೋಸಿಯತ್ ತುಟಿ ನೀಲಿಯಾಗಿತ್ತು. ಆದರೂ ಅರ್ಚಾ ಮರದ ಒಣ ಕೊಂಬೆಯ, ತೊರೆ ಸಿಡಿದು ಒದ್ದೆಯಾದ ತೊಗಟೆ ಕೆತ್ತಿ, ಒಳಗಿನ ಒಣ ಸುರುಳಿ ಎಬ್ಬಿಸಿ ಬೆಂಕಿ ಮಾಡಿದಳು. ಮೈ ಬಿಸಿಯಾದ ಮೇಲೆ ಎಲ್ಲರನ್ನೂ ಮೇಲಿನ ಜಾಗಕ್ಕೆ ಕರೆದೊಯ್ದು, ಒಬ್ಬೊಬ್ಬರನ್ನೇ ದಾಟಿಸಿ, ಹೊತ್ತು ಮುಳುಗುವ ಮೊದಲೇ ಊರು ಮುಟ್ಟಿಸಿದಳು.

ಊರ ಬಾಗಿಲಿಗೆ ಬಂದದ್ದೇ ಜಿಕ್ರಿಯೋನ ಬಾಯಿ ತೆರೆಯಿತು.

"ಕೇಳ್ರಪ್ಪಾ! ನಮ್ಮತ್ತಿಗೆ ಒಂದು ಕೈಯಲ್ಲಿ ನನ್ನನ್ನ ಹಿಡಿದ್ರು, ಇನ್ನೊಂದು ಕೈಯಲ್ಲಿ ತೊರೇನೇ ಕತ್ತರಿಸಿ ಎಸೆದ್ರು!"

"ಸುಳ್ಳು ಬೊಗಳಬೇಡ್ವೋ" ಎಂದಳು ಹೋಸಿಯತ್. "ಹೋಗಿ ಕತ್ತೆ ಮೈ ಒರೆಸು, ಶೀತ ಆಗುತ್ತೆ."

ಹೈದರೋವ್ ಮೇಷ್ಟ್ರು ಹೋಸಿಯತ್ ಮನೆಯ ಅಂಗಳದ ಚೌಕಿಯ ಮೇಲೆ ಕೂತು ಒದ್ದೆಯಾದ ಪರೀಕ್ಷೆಯ ಹಾಳೆ ಹರಡಿದರು. ಊರಿನ ಅರ್ಧ ಜನ ಸುತ್ತ ನಿಂತಿದ್ದರು. ಮೇಷ್ಟ್ರು 'ಪಾಸ್' ಎಂದು ಬರೆದು ಮುಗಿಸಿ, ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು ತಲೆಬಾಗಿದರು. "ಹೋಸಿಯತಮ್ಮ, ಇಪ್ಪತ್ತು ವರ್ಷದಿಂದ ಪರೀಕ್ಷೆ ಮಾಡ್ತಿದೀನಿ. ಇವತ್ತು ನಾನು ಕಲ್ತು ಹೋಗ್ತಿದೀನಿ" ಎಂದರು. ಹೆಂಗಸರು ಒಮ್ಮೆಲೇ ಮಾಡಿದ ಗದ್ದಲಕ್ಕೆ ಕೋಳಿಗಳು ಮಾಡು ಹತ್ತಿದವು. ಜೇನುಗೂಡುಗಳ ಕಡೆಯಿಂದ ಗಂಡ ಬಂದ. ಎಲ್ಲರೆದುರಿಗೇ ಹೆಂಡತಿಯ ಒದ್ದೆ ಬೂಟುಗಳ ದಾರ ಬಿಚ್ಚಲು ಕೂತ.

ಮುಂದಿನ ಬೇಸಿಗೆಯಲ್ಲಿ ಹೋಸಿಯತ್ ಹದಿನಾಲ್ಕು ಜನರ ಗುಂಪನ್ನು ತವಾಸಂಗ್ ದಾಟಿಸಿದಳು. ಆ ವರ್ಷ ನಮ್ಮ ಕಣಿವೆಯಿಂದ ಇನ್ನೂ ಮೂವರು ಹೆಂಗಸರು ಪರೀಕ್ಷೆಗೆ ಹೆಸರು ಕೊಟ್ಟರು. ಅವರಲ್ಲಿ ಒಬ್ಬಳು ಜಿಕ್ರಿಯೋನ ಹೆಂಡತಿ.