ಖಾಲಿ ಬಿಡಬಾರದ ಕಾಲಂ

ರೂಲುದೊಣ್ಣೆ ಹಿಡಿದು ನೇರ ಗೆರೆ ಎಳೆಯುವುದರಲ್ಲಿ ನನಗೆ ಸಮನಾದವರಿಲ್ಲವೆಂಬ ಜಂಬ ನನಗಿದೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನಿಗೆ ಇಷ್ಟಾದರೂ ಬೇಡವೇ? ಆದರೆ ಎರಡು ಗೆರೆಗಳ ನಡುವಿನ ಜಾಗ ತುಂಬಿಸುವುದಿದೆಯಲ್ಲ, ಅದು ದೊಣ್ಣೆಗೆ ಬಗ್ಗುವ ಕೆಲಸವಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬಿಳಿಗೆರೆ ಕಡೆಯ ಒಂದು ರೈತರ ಸೊಸೈಟಿಯಲ್ಲಿ ಗುಮಾಸ್ತ. ನಮ್ಮ ಮೆಂಬರುಗಳ ಪುಸ್ತಕವನ್ನು ಬೀರುವಿನಿಂದ ಇಳಿಸಲು ಇಬ್ಬರು ಬೇಕು. ಗೊಬ್ಬರಕ್ಕೆ ಜನ ಸಾಲು ನಿಂತಿದ್ದ ದಿನಗಳಲ್ಲೇ ಮೇಲಿನಿಂದ ಆರ್ಡರು ಬಂತು: ಪ್ರತಿ ಮೆಂಬರಿನ ಮುಂದೆ ವಾರಸುದಾರರ ಕಾಲಂ ಇರಬೇಕು, ಅದರಲ್ಲಿ ಒಬ್ಬರ ಹೆಸರು ಮಾತ್ರ ಇರಬೇಕು, ಖಾಲಿ ಬಿಟ್ಟವರಿಗೆ ಗೊಬ್ಬರವಿಲ್ಲ.

ಪುಸ್ತಕದ ಉದ್ದಕ್ಕೂ ಗೆರೆ ಎಳೆದೆ. ತುಂಬಿಸುವುದು ಹೇಗೆ? “ಎಲ್ಲಾರ್ಗೂವೆ ‘ಹಿರಿಮಗ’ ಅಂತ ಜಡಿದ್ಬುಡಯ್ಯ, ಅತ್ಲಾಗೆ” ಎಂದರು ಅಧ್ಯಕ್ಷರು. ಜಡಿದದ್ದಾಯಿತು. ಮಾರನೆಯ ದಿನ, ಮಕ್ಕಳಿಲ್ಲದ ವಿಧವೆ ಚೆನ್ನಾಜಮ್ಮ ಬಾಗಿಲಲ್ಲಿ ನಿಂತಿದ್ದಳು.

“ಎಲ್ಲವ್ನಪ್ಪ ನನ್ ಇರೀಮಗ? ನಾ ಎರ್ನಿಲ್ಲ, ಸಾಕ್ನಿಲ್ಲ. ನೀನೇ ಎತ್ಕೊಟ್ಯಾ?”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಸರಿಯಾದ ಹೆಸರು ಹೇಳವ್ವ, ತಿದ್ದುತ್ತೇನೆ ಎಂದೆ.

“ಮೈದ್ನನ ಮಗ ಸಿದ್ದರಾಜ ಒಲ ಉಳ್ತಾನೆ, ಅಕ್ಕನ ಮಗ್ಳು ನಾಗಿ ದಿನಾ ಉಣ್ಣಕ್ಕೆ ಬಿಸಿ ಇಟ್ಟು ತಂದ್ಕೊಡ್ತಾಳೆ. ಒಬ್ರ ಎಸ್ರು ಬರ್ಸುದ್ರೆ ಇನ್ನೊಬ್ರು ನನ್ ಒಸ್ಲು ತುಳ್ದಾರಾ? ಖಾಲಿ ಬುಡು.”

“ಖಾಲಿ ಬುಟ್ರೆ ಗೊಬ್ರ ಇಲ್ಲ ಕಣವ್ವ.”

ಪಹಣಿ ನೋಡಿದವರಿಗೆ ಗೊತ್ತು, ಸರ್ಕಾರಕ್ಕೆ ಖಾಲಿ ಕಾಲಂ ಕಂಡರೆ ಹೆದರಿಕೆ; ಏನೂ ಇಲ್ಲದಿದ್ದರೆ ‘ಇಲ್ಲ’ ಎಂದಾದರೂ ಬರೆಸುತ್ತದೆ. ಮನುಷ್ಯರ ಸಂಸಾರ ನಡೆಯುವುದು ಮಾತ್ರ ಕೆಲವು ಕಾಲಂಗಳನ್ನು ಖಾಲಿ ಬಿಟ್ಟುಕೊಂಡೇ. ಈ ಮುದುಕಿಯ ಹೊಲ, ಊಟ ಎರಡೂ ನಿಂತಿದ್ದುದು ಒಂದು ಅಂಗುಲ ಬಿಳಿ ಕಾಗದದ ಮೇಲೆ.

ಚೆನ್ನಾಜಮ್ಮ ಯೋಚಿಸಿ ಕೇಳಿದಳು, “ಬರ್ಸುದ್ಮೇಲೆ ಬದ್ಲಾಯಿಸ್ಬೋದಾ?”

“ಅರ್ಜಿ ಕೊಟ್ರೆ ಬದ್ಲಾಯಿಸ್ಬೋದು.”

“ಎಷ್ಟ್ ಸಲ?”

ಆರ್ಡರನ್ನು ಹಿಂದೆ ಮುಂದೆ ತಿರುಗಿಸಿದೆ. ಅದನ್ನು ಯಾರೂ ಬರೆದಿರಲಿಲ್ಲ.

“ಅಂಗಾದ್ರೆ ಈಗ ಸಿದ್ದರಾಜನ್ದೇ ಬರಿ. ಉಳೋ ಕಾಲ ಇದು.”

ಬಿತ್ತನೆ ಮುಗಿದ ಮೇಲೆ ಬಂದು, ಕೇರಿಗೆಲ್ಲ ಕೇಳುವಂತೆ ನಾಗಿಯ ಹೆಸರು ಹೇಳಿದಳು. ಮುಂದಿನ ಉಳುಮೆಗೆ ಮತ್ತೆ ಸಿದ್ದರಾಜ. ಒಂದರ ಮೇಲೊಂದು ಚೀಟಿ ಅಂಟಿಸಿ ಆ ಜಾಗ ರೊಟ್ಟಿಯಂತೆ ಉಬ್ಬಿತು. ತಪಾಸಣೆಗೆ ಬಂದ ಸಾಹೇಬರು ಮುಟ್ಟಿ ನೋಡಿ, ಭರ್ತಿಯಾಗಿದೆ ಎಂದು ಗುರುತು ಹಾಕಿದರು. ಸಿದ್ದರಾಜ, ನಾಗಿ ಇಬ್ಬರೂ ಮಾತ್ರ ಅದಿನ್ನೂ ಖಾಲಿಯೇ, ಕೊನೆಯ ಚೀಟಿ ತನ್ನದೇ ಆಗಬಹುದು ಎಂದುಕೊಂಡು ನಡೆದುಕೊಂಡರು. ಚೆನ್ನಾಜಮ್ಮ ಕೊನೆಯವರೆಗೂ ಬಿಸಿ ಮುದ್ದೆಯನ್ನೇ ಉಂಡಳು.