ಕೆಂಪು ದೀಪದ ಗೊಂಬೆ

ಗಂಗಯ್ಯ ಹದಿನಾಲ್ಕನೇ ವಯಸ್ಸಿಗೇ ತೆಂಗಿನಮರ ಹತ್ತಿದವನು. ದಂಡಿನಶಿವರದ ಸುತ್ತ ಅವನು ಕಾಯಿ ಕೀಳದ ತೋಟವೇ ಇರಲಿಲ್ಲ. ತಮ್ಮ ಸೂರ್ಯಪ್ರಕಾಶನಿಗೂ ಹತ್ತುವುದನ್ನು ಅವನೇ ಕಲಿಸಿದ. ಆ ತಮ್ಮ ನಾಲ್ಕು ವರ್ಷದ ಹಿಂದೆ, ಮಳೆ ನಿಂತ ಮಾರನೇ ದಿನ, ಪಾಚಿ ಕಟ್ಟಿದ ಮರದಿಂದ ಜಾರಿ ಬಿದ್ದ. ಬೆನ್ನುಮೂಳೆಗೆ ಏಟು. ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಅವತ್ತಿನಿಂದ ಗಂಗಯ್ಯ ಮರ ಮುಟ್ಟಲಿಲ್ಲ. ಕಾಯಿ ಕೀಳುವುದು ಬಿಟ್ಟು ತಿಪಟೂರಿನ ನರ್ಸಿಂಗ್ ಕಾಲೇಜೊಂದರಲ್ಲಿ ಅಟೆಂಡರ್ ಆದ.

ಅಲ್ಲಿ ಅವನ ಕೆಲಸ ಗೊಂಬೆ ಕಾಯುವುದು. ಆಳೆತ್ತರದ ರಬ್ಬರ್ ಗೊಂಬೆಗಳು. ಒಂದು ಉಸಿರಾಡುತ್ತದೆ, ಒಂದು ಹೆರುತ್ತದೆ. ಇನ್ನೊಂದು, ಬಿದ್ದವನ ಗೊಂಬೆ. ಅದರ ಕುತ್ತಿಗೆಯನ್ನೋ ಬೆನ್ನನ್ನೋ ತಿರುಚಿ ಎತ್ತಿದರೆ ಎದೆಯ ಮೇಲೆ ಕೆಂಪು ದೀಪ ಹತ್ತಿ ಕಿರ್ರೋ ಅನ್ನುತ್ತದೆ; ನೆಟ್ಟಗೆ ಮಲಗಿಸುವ ತನಕ ನಿಲ್ಲುವುದಿಲ್ಲ. ಮಾಡುವ ತಪ್ಪನ್ನೆಲ್ಲ ಹುಡುಗರು ಗೊಂಬೆಯ ಮೇಲೇ ಮಾಡಿ ಮುಗಿಸಲಿ, ರೋಗಿಯ ಮೇಲೆ ಬೇಡ ಅಂತ.

ಸೇರಿದ ಹೊಸತರಲ್ಲೇ ಒಂದು ದಿನ, ಪಾಠ ಮಾಡುವ ಸೌಮ್ಯ ಮೇಡಂ ಹೇಳುತ್ತಿದ್ದರು: “ನಮ್ಮ ಕಡೆ ಮರದಿಂದ ಬಿದ್ದೋರನ್ನ ಏನ್ಮಾಡ್ತಾರೆ? ಕಂಕುಳಿಗೆ ಕೈ ಹಾಕಿ ಎತ್ತಿ ಕೂರಿಸ್ತಾರೆ, ಎಳನೀರು ಕುಡಿಸ್ತಾರೆ. ಬಿದ್ದಾಗ ಉಳಿದಿದ್ದ ನರ ಎತ್ತೋವಾಗ ಹೋಗುತ್ತೆ.”

ಗಂಗಯ್ಯ ಪೊರಕೆ ಅಲ್ಲೇ ಬಿಸಾಕಿ ಕಾಲೇಜಿನ ಹಿಂದಕ್ಕೆ ಹೋಗಿ ಕೂತುಬಿಟ್ಟ. ತಮ್ಮನನ್ನು ಎತ್ತಿದ್ದು, ಎಳನೀರು ಕುಡಿಸಿದ್ದು, ಪಕ್ಕದ ಮನೆಯ ಲಕ್ಕಯ್ಯನ ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೋದದ್ದು ಅವನೇ. ಊರಿಗೂರೇ ಮಾಡುತ್ತಿದ್ದುದು ಅದನ್ನೇ. ಬಿದ್ದವನನ್ನು ನೆಲದಲ್ಲಿ ಬಿಟ್ಟು ನೋಡುತ್ತಾ ನಿಂತಿದ್ದರೆ ಮುಖಕ್ಕೆ ಉಗಿಯುತ್ತಿದ್ದರು! ತಮ್ಮನೋ, ಬಂದವರಿಗೆಲ್ಲ “ನಮ್ಮಣ್ಣ ಇಲ್ದಿದ್ರೆ ಅವತ್ತೇ ಹೋಗ್ಬುಡ್ತಿದ್ದೆ” ಅನ್ನುತ್ತಿದ್ದ. ಆ ಮಾತು ಬಂದಾಗಲೆಲ್ಲ ಗಂಗಯ್ಯ ಎದ್ದು ಹೊರಗೆ ಹೋಗುತ್ತಿದ್ದ. ಹೇಳಲು ಬಾಯಿ ಬರಲಿಲ್ಲ. ಮೂರು ವರ್ಷ ಹಾಗೇ ತಳ್ಳಿದ.

ತಮ್ಮ ಮರದಿಂದ ಬಿದ್ದದ್ದು ಮೇಡಂಗೆ ಗೊತ್ತಿತ್ತು, ಎತ್ತಿದ್ದು ಯಾರೆಂದು ಗೊತ್ತಿರಲಿಲ್ಲ. ಮೊನ್ನೆ ಅವರು ಅಂದರು, “ಗಂಗಣ್ಣ, ನಿಮ್ಮ ತಮ್ಮನ್ನ ಒಂದ್ಸಲ ಕರ್ಕೊಂಡು ಬನ್ನಿ. ಬಿದ್ದೋರ ಬಾಯಲ್ಲೇ ಹುಡುಗ್ರು ಕೇಳ್ಲಿ.”

“ಬ್ಯಾಡಿ ಮೇಡಂ. ಅವ್ನು ಎಲ್ಲೂ ಬರಾಕಿಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ, ಬುಟ್ಬುಡಿ.”

ಇವನಿಗೆ ಸಂಕೋಚ ಅಂದುಕೊಂಡ ಮೇಡಂ ಸೂರ್ಯಪ್ರಕಾಶನಿಗೇ ಫೋನ್ ಮಾಡಿದರು. ವರ್ಷದಿಂದ ಹೊಸಿಲು ದಾಟದವನು ಆವತ್ತೇ ಅಂಗಿಗೆ ಇಸ್ತ್ರಿ ಹಾಕಿಸಿಟ್ಟ. ಹೊರಡುವ ದಿನ ಆಟೋ ಸಿಗಲಿಲ್ಲವೆಂದು ಗಂಗಯ್ಯ ಸುಳ್ಳು ಹೇಳಿದ.

“ಕುಂಟ ತಮ್ಮನ್ನ ತೋರ್ಸಕ್ಕೆ ನಾಚ್ಕೆ ಆಯ್ತದಾ? ಆಟೋ ಇಲ್ದಿದ್ರೆ ಕಾಯಿ ಟೆಂಪೋಲಿ ಹಾಕ್ಕಂಡೋಗು, ನಾನೂ ಒಂದು ಮೂಟೆ ತಾನೆ!”

ಆಟೋ ಬಂತು. ಎಂದಿನಂತೆ ಕಂಕುಳಿಗೆ ಕೈ ಹಾಕಿ ಗಂಗಯ್ಯನೇ ಎತ್ತಿ ಕೂರಿಸಿದ.

ಕ್ಲಾಸಿನಲ್ಲಿ ಸೂರ್ಯಪ್ರಕಾಶ ಗಾಲಿಕುರ್ಚಿಯ ಮೇಲೆ ಮದುವೆ ಗಂಡಿನ ಹಾಗೆ ಕೂತು ಶುರು ಮಾಡಿದ. “ಬಿದ್ದ ತಕ್ಷಣ ಕಾಲು ಆಡ್ತಿದ್ವು ಕಣ್ರೀ. ಬೆರಳೂ ಅಲ್ಲಾಡಿಸ್ದೆ. ನಮ್ಮಣ್ಣ ಓಡಿಬಂದು ಎತ್ತಿ ಕೂರಿಸ್ದ, ಎಳನೀರು ಕುಡಿಸ್ದ. ಬೈಕ್ ಹತ್ತಿದ್ಮೇಲೆ ಜೋಮು ಹಿಡೀತು. ಕಾಲು ಹೋದ್ರೆ ಹೋಗ್ಲಿ, ಜೀವ ಉಳಿಸ್ದ ನೋಡಿ, ನಮ್ಮಣ್ಣ.”

ಹುಡುಗರು ತಲೆ ತಗ್ಗಿಸಿದರು. ಭುವನ್ ಅಂತ ಒಬ್ಬ ಹುಡುಗ ಬಾಯಿ ತೆಗೆದ. “ಮೇಡಂ, ಹಂಗಾದ್ರೆ ಎತ್ತಿದ್ದಕ್ಕೇ...”

“ಸುಮ್ನಿರೋ!” ಅಂದರು ಮೇಡಂ. ಅವರ ಮುಖ ಬಿಳಿಚಿಕೊಂಡಿತ್ತು.

“ಎತ್ತಿದ್ದಕ್ಕೆ ಏನು?” ಸೂರ್ಯಪ್ರಕಾಶ ಒಬ್ಬೊಬ್ಬರ ಮುಖವನ್ನೇ ನೋಡಿದ. “ಯಾಕ್ರೀ, ಎಲ್ರೂ ನೆಲ ನೋಡ್ತಿದ್ದೀರಾ? ಏನಣ್ಣ ಇದು?”

ಬಾಗಿಲು ಗಂಗಯ್ಯನ ಪಕ್ಕದಲ್ಲೇ ಇತ್ತು. ಓಡಲಿಲ್ಲ. ನೆಲದ ಮೇಲಿದ್ದ ಗೊಂಬೆಯ ಹತ್ತಿರ ಹೋಗಿ ಮಂಡಿಯೂರಿದ. ಕಂಕುಳಿಗೆ ಕೈ ಹಾಕಿ, ಅವತ್ತು ಎತ್ತಿದ ಹಾಗೇ ಎತ್ತಿ ಕೂರಿಸಿದ. ಎದೆಯ ಮೇಲೆ ಕೆಂಪು ದೀಪ ಹತ್ತಿತು. ಗೊಂಬೆ ಕಿರುಚತೊಡಗಿತು. ಆರಿಸಲು ಯಾರಿಗೂ ಕೈ ಬರಲಿಲ್ಲ.

ಸೂರ್ಯಪ್ರಕಾಶ ದೀಪ ನೋಡಿದ. ತನ್ನ ಕಾಲು ನೋಡಿಕೊಂಡ.

“ಯಾವಾಗ್ಲಿಂದ ಗೊತ್ತು ನಿಂಗೆ?”

“ಮೂರು ವರ್ಷ ಆಯ್ತು ಕಣಪ್ಪ.”

“ಗೊತ್ತಿಲ್ದೆ ಎತ್ತಿದ್ದಕ್ಕೆ ನಾನೇನೂ ಅನ್ನಾಕಿಲ್ಲ. ಮೂರು ವರ್ಷ ನನ್ ಬಾಯಲ್ಲಿ ಹೊಗಳಿಸ್ಕಂಡ್ಯಲ್ಲ.”

ಹೊರಗೆ ಆಟೋ ಕಾಯುತ್ತಿತ್ತು. ಗಂಗಯ್ಯ ರೂಢಿಯಂತೆ ಬಗ್ಗಿ ಕೈ ಚಾಚಿದ.

“ಮುಟ್ಬ್ಯಾಡ. ಕಲ್ತೋರು ಎತ್ಲಿ.”

ಭುವನ್ ಮತ್ತು ಇನ್ನಿಬ್ಬರು ಬಂದರು. ಒಂದು, ಎರಡು, ಮೂರು ಎಂದು ಎಣಿಸಿ, ಬೆನ್ನು ಸೊಂಟ ಒಂದೇ ಮಟ್ಟಕ್ಕೆ ಹಿಡಿದು ಎತ್ತಿದರು. ನಾಲ್ಕು ವರ್ಷದಲ್ಲಿ ಒಂದು ದಿನವೂ ಗಂಗಯ್ಯ ಅಷ್ಟು ಹಗುರಾಗಿ ಎತ್ತಿರಲಿಲ್ಲ. ಅವನನ್ನು ಬಿಟ್ಟೇ ಆಟೋ ಹೊರಟಿತು.

ಒಳಗೆ ಗೊಂಬೆ ಇನ್ನೂ ಕಿರುಚುತ್ತಿತ್ತು. ಅದನ್ನು ಮಲಗಿಸುವುದು ಗಂಗಯ್ಯನ ಕೆಲಸ. ಹೋಗಿ ಎದುರಿಗೆ ಕುಕ್ಕರಗಾಲಲ್ಲಿ ಕೂತ. ಎಲ್ಲಿ ಕೈ ಹಾಕಬೇಕೋ ತಿಳಿಯಲಿಲ್ಲ.