ಜೇನಿನ ಗೃಹಪ್ರವೇಶ

ನಮ್ಮಲ್ಲೊಂದು ಹಳೆಯ ಮರದ ಸ್ಟೂಲಿದೆ. ಅದರ ನಾಲ್ಕು ಕಾಲುಗಳೂ ನಾಲ್ಕು ಕರಟಗಳಲ್ಲಿ ನಿಂತಿರುತ್ತಿದ್ದವು, ಕರಟಗಳ ತುಂಬ ನೀರು. ಇರುವೆ ಹತ್ತದಿರಲೆಂದು ಮಾಡಿದ ಏರ್ಪಾಡದು. ನೋಡಿದವರು, ಇದೇನು ಸ್ಟೂಲಿಗೆ ಪಾದಪೂಜೆಯೇ ಎಂದು ನಗುತ್ತಿದ್ದರು. ನಾನು ಹೌದೆನ್ನುತ್ತಿದ್ದೆ, ಏಕೆಂದರೆ ಅದರ ಮೇಲೆ ಕೂತಿದ್ದವರು ಸಾಮಾನ್ಯರಲ್ಲ, ಒಂದು ಪೆಟ್ಟಿಗೆ ತುಂಬ ತುಡುವೆ ಜೇನಿನ ಸಂಸಾರ. ಮಾಲೂರಿನ ಆ ಬಾಡಿಗೆ ಮನೆಯ ಹಿತ್ತಲಲ್ಲಿ, ಒಂದು ಕಡೆ ಇಟ್ಟಿಗೆ ಗೂಡಿನ ಹೊಗೆ, ಇನ್ನೊಂದು ಕಡೆ ರೈಲಿನ ಕೂಗು, ಇವೆರಡರ ನಡುವೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಗಂಡನೂ ಅಲ್ಲ, ದೇವರೂ ಅಲ್ಲ, ಆ ಝೇಂಕಾರ. ಗಂಡ ಇದನ್ನು ಓದಿದರೆ ಓದಲಿ ಬಿಡಿ.

ಮನೆಯ ಯಜಮಾನರು ಕಟ್ಟಡ ಒಡೆಸುತ್ತೇವೆಂದರು. ನಮಗೆ ಕೋಲಾರದಲ್ಲಿ ಮೂರನೆಯ ಅಂತಸ್ತಿನಲ್ಲಿ ಮನೆ ಸಿಕ್ಕಿತು, ಹಿತ್ತಲಿಲ್ಲ, ಅಂಗಳವಿಲ್ಲ, ನೊಣ ಹಾರಿದರೂ ನೆರೆಯವರಿಗೆ ತಿಳಿಯುವಷ್ಟು ಇಕ್ಕಟ್ಟು. ಅಲ್ಲಿಗೆ ಜೇನನ್ನು ಒಯ್ಯುವುದುಂಟೇ? ಶ್ರೀನಿವಾಸಪುರದಲ್ಲಿ ನಮ್ಮಕ್ಕನ ಮಾವಿನ ತೋಪು ಹೂ ಬಿಟ್ಟಿತ್ತು. ಹೂವಿಳಿಯುವವರೆಗೆ ಔಷಧಿ ಹೊಡೆಸುವುದಿಲ್ಲವೆಂದು ಅಕ್ಕ ದೇವರಾಣೆ ಮಾಡಿದಳು. ಪೆಟ್ಟಿಗೆ ಅಲ್ಲಿಗೇ ಹೋಗುವುದೆಂದಾಯಿತು. ಆದರೆ ತುಡುವೆ ಬಲು ಸ್ವಾಭಿಮಾನಿ ಜೀವ. ಜಾಗ ಹಿಡಿಸದಿದ್ದರೆ ಮರಿ, ಮೇಣ, ತುಪ್ಪ ಎಲ್ಲವನ್ನೂ ಬಿಟ್ಟು ಎದ್ದು ಹೋಗಿಬಿಡುತ್ತದೆ. ವರ್ಷಗಟ್ಟಲೆ ಸಾಕಿದವಳಿಗೆ ಆ ಭಯ ಎಷ್ಟಿತ್ತೆಂದು ನಿಮಗೆ ಹೇಗೆ ಹೇಳಲಿ!

ಸಂಜೆ ಎಲ್ಲವೂ ಗೂಡು ಸೇರಿದ ಮೇಲೆ ಬಾಗಿಲು ಮುಚ್ಚಿ ಸಾಗಿಸಬೇಕೆಂಬುದು ಜೇನು ಸಾಕುವವರಿಗೆಲ್ಲ ಗೊತ್ತು, ನನಗೂ ಗೊತ್ತಿತ್ತು. ಅಕ್ಕ ಕೇಳಬೇಕಲ್ಲ! ಫೋನಿನಲ್ಲೇ ಗದರಿಸಿದಳು. "ದೀಪ ಹಚ್ಚಿದ ಮೇಲೆ ಉಪ್ಪು, ಮೊಸರೇ ಆಚೆ ಕೊಡಲ್ಲ, ಜೇನು ಕೊಡ್ತೀಯೇನೇ? ಮನೆ ಲಕ್ಷ್ಮಿ ಕಣೇ ಅದು! ಬೆಳಿಗ್ಗೆ ರಾಹುಕಾಲ ಕಳೀಲಿ, ಆಮೇಲೆ ತಗೊಂಡ್ ಬಾ."

ಮನೆ ಬಿಡುವ ಗಳಿಗೆಯಲ್ಲಿ ಮನಸ್ಸು ಮೆತ್ತಗಾಗಿರುತ್ತದೆ, ಯಾರು ಶಕುನ ಹೇಳಿದರೂ ನಾಟುತ್ತದೆ. ಒಪ್ಪಿದೆ. ಬಿಸಿಲೇರಿದ ಹೊತ್ತಿಗೆ ಪೆಟ್ಟಿಗೆಯ ಬಾಗಿಲಿಗೆ ಜಾಲರಿ ಬಡಿದು, ಲಗೇಜ್ ಆಟೋದಲ್ಲಿ ಗೋಣಿಚೀಲದ ಮೇಲಿಟ್ಟು, ರಸ್ತೆಯ ಪ್ರತಿ ಉಬ್ಬಿಗೂ ನನ್ನ ಎದೆಯನ್ನೇ ಹಿಡಿದುಕೊಂಡು ಶ್ರೀನಿವಾಸಪುರ ಮುಟ್ಟಿಸಿದೆ. ಅಕ್ಕ ಹಾಲುಕ್ಕಿಸಲು ಒಲೆ ಹೂಡುವಷ್ಟರಲ್ಲಿ ಮಾಲೂರಿನ ಪಕ್ಕದ ಮನೆಯ ನೂರ್‌ಜಾನಳ ಫೋನು ಬಂತು.

"ಅಕ್ಕಾ, ಅರ್ಧ ಹುಳ ಇಲ್ಲೇ ಬಿಟ್ಟೋಗಿದೀರಲ್ಲ! ಖಾಲಿ ಸ್ಟೂಲ್ ಮೇಲೆ ಮುತ್ಕೊಂಡ್ ಕೂತವೆ, ಪಾಪ."

ಮೇಯಲು ಹೋದವು ಮರಳಿ ಬಂದಾಗ ಮನೆಯೇ ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು ನನ್ನ ಗತಿ. ರಾಣಿಯಿಲ್ಲದೆ ಅವು ಅಲ್ಲಿ ಉಳಿಯುವುದಿಲ್ಲ, ದುಡಿಯುವವರಿಲ್ಲದೆ ಇವು ಇಲ್ಲಿ ನಿಲ್ಲುವುದಿಲ್ಲ. ಅಕ್ಕನ ಮೇಲೆ ಕೂಗಾಡಿದೆ, ಆಮೇಲೆ ಅವಳ ಸೆರಗಿನಲ್ಲೇ ಮುಖವಿಟ್ಟು ಅತ್ತೆ. "ಪೋನೀಲೇ, ಹೋಗ್ಲಿ ಬಿಡು, ಅಳಬೇಡ್ವೇ. ಹೋಗಿ ಕರ್ಕೊಂಡ್ ಬಾ," ಎಂದಳು ಅಕ್ಕ, ಮದುವೆಯಲ್ಲಿ ಹಿಂದುಳಿದ ನೆಂಟರ ಮಾತಾಡುವವಳಂತೆ.

ಗೂಡಿನಿಂದ ಒಂದು ತುಂಡು ಮೇಣದ ಎರಿ ಕತ್ತರಿಸಿ, ಸಣ್ಣ ರಟ್ಟಿನ ಡಬ್ಬಿಯೊಳಗೆ ಕಟ್ಟಿಕೊಂಡು ಮಾಲೂರಿಗೆ ಮರಳಿದೆ. ಸ್ಟೂಲಿನ ಮೇಲೆ ಅಂಗೈಯಗಲದ ಕಂದು ಮುದ್ದೆ, ಸದ್ದೇ ಇಲ್ಲ. ಸಾಧುಪ್ರಾಣಿಗಳು, ಯಾರನ್ನೂ ಕಚ್ಚದೆ ಸುಮ್ಮನೆ ಕಾಯುತ್ತಿದ್ದವು. ಡಬ್ಬಿ ಇಟ್ಟೆ. ಎರಿಯ ವಾಸನೆ ಹಿಡಿದು ಒಂದೊಂದಾಗಿ ಒಳನಡೆದವು. ನೂರ್‌ಜಾನ್ ಬಾಗಿಲಲ್ಲಿ ನಿಂತು, ಕೊನೆಯದು ಒಳಗೆ ಹೋಗುವವರೆಗೂ ಉಸಿರು ಬಿಗಿಹಿಡಿದಿದ್ದಳು.

ಮರುದಿನ ಮುಂಜಾನೆ ಡಬ್ಬಿಗೆ ತೆಳ್ಳನೆ ಬಟ್ಟೆ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ಕಿವಿ ನಿಮಿರಿಸಿದ. "ಏನಮ್ಮ ಅದು, ಒಳಗೆ ಗುಂಯ್ ಅಂತೈತೆ? ಲಗೇಜ್ ಹಾಕ್ಬೇಕಾಗ್ತದೆ."

"ಜೇನು ಕಣಪ್ಪ. ಎಲ್ಲಾ ದುಡಿಯೋ ಹೆಂಗಸ್ರೇ."

ಅವನು ಒಂದು ಗಳಿಗೆ ಯೋಚಿಸಿದ. "ಹಂಗಾದ್ರೆ ಫ್ರೀ ಬಿಡಿ," ಎಂದು ಎರಡು ಸೀಟು ದೂರ ಹೋಗಿ ನಿಂತ. ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ.

ತೋಪಿನಲ್ಲಿ ಪೆಟ್ಟಿಗೆಯ ಜಾಲರಿ ತೆಗೆದು, ಡಬ್ಬಿಯನ್ನು ಅದರ ಬಾಯಿಗೆ ಹಿಡಿದು ಬಿಚ್ಚಿದೆ. ತವರು ಕಂಡ ಹೆಣ್ಣುಮಕ್ಕಳ ಹಾಗೆ ಅವು ಒಳಗೆ ನುಗ್ಗಿದವು. ಖಾಲಿ ಡಬ್ಬಿ ಬದಿಗಿಟ್ಟು ತಿರುಗಿ ನೋಡುತ್ತೇನೆ, ಅಷ್ಟರಲ್ಲೇ ಪೆಟ್ಟಿಗೆಯ ಬಾಗಿಲಿಗೆ ಅಡ್ಡವಾಗಿ ಅಕ್ಕ ಮಾವಿನೆಲೆಯ ತೋರಣ ಇಳಿಬಿಟ್ಟಿದ್ದಾಳೆ! ಕಿತ್ತೆಸೆಯಲು ಕೈ ಎತ್ತಿದವಳು ಹಾಗೇ ನಿಂತೆ. ಹೊರಬಂದ ಜೇನು ಎಲೆಗೆ ಮುಗ್ಗರಿಸಿ, ಇದೇನು ಹೊಸದೆಂದು ತಡೆದು, ಹಿಂದಿರುಗಿ ಮನೆಯ ಕಡೆ ಮುಖ ಮಾಡಿ, ಗಾಳಿಯಲ್ಲಿ ತೂಗುತ್ತ, ಸ್ವಲ್ಪ ಸ್ವಲ್ಪವೇ ದೊಡ್ಡದಾದ ಸುತ್ತು ಹಾಕಿ ಜಾಗವನ್ನು ಕಣ್ಣಿಗೆ ತುಂಬಿಕೊಳ್ಳುತ್ತಿತ್ತು. ಆ ಎಲೆಯಿಲ್ಲದಿದ್ದರೆ ಹಳೆಯ ರೂಢಿಯಲ್ಲಿ ನೇರವಾಗಿ ಹಾರಿ, ದಾರಿ ತಪ್ಪುತ್ತಿತ್ತೇನೋ. ಒಂದು ಶಾಸ್ತ್ರ ಅರ್ಧ ಸಂಸಾರವನ್ನು ಬಿಡಿಸಿತ್ತು, ಇನ್ನೊಂದು ಶಾಸ್ತ್ರ ಇಡೀ ಸಂಸಾರವನ್ನು ನಿಲ್ಲಿಸುತ್ತಿತ್ತು. ಅಕ್ಕನನ್ನು ಬೈಯಬೇಕೋ ಅಪ್ಪಬೇಕೋ ತಿಳಿಯಲಿಲ್ಲ, ಎರಡನ್ನೂ ಮಾಡಿದೆ.

ವಾರ ಕಳೆದು ಅಕ್ಕನ ಫೋನು ಬಂತು. "ಒಂದೂ ಎದ್ದೋಗಿಲ್ಲ ಕಣೇ, ತೋಪೆಲ್ಲ ಅವುಗಳ್ದೇ ಗಲಾಟೆ."

ನಾನೀಗ ಕೋಲಾರದಲ್ಲಿದ್ದೇನೆ. ಬಂದ ಹೊಸತರಲ್ಲಿ ದಿನವೂ ಪರರ ಮನೆಗೆ ಬೀಗ ಹಾಕಿದಂತೆ ಬೀಗ ಹಾಕಿ, ತಿರುಗಿಯೂ ನೋಡದೆ ಮೆಟ್ಟಿಲಿಳಿಯುತ್ತಿದ್ದೆ. ಹಳೆಯ ಸ್ಟೂಲು ಬಾಗಿಲ ಪಕ್ಕದಲ್ಲಿದೆ, ಕರಟಗಳಿಲ್ಲ, ಮೇಲೊಂದು ತುಳಸಿಯ ಕುಂಡ. ಮೊನ್ನೆ ಬಾಗಿಲಿಗೆ ಮಾವಿನೆಲೆ ಕಟ್ಟಿದೆ. ಹೊರಡುವಾಗ ಎಲೆಯೊಂದು ಹಣೆಗೆ ತಗುಲಿತು. ನಿಂತೆ, ಹಿಂದಿರುಗಿದೆ, ಬಾಗಿಲು, ಸ್ಟೂಲು, ತುಳಸಿ, ಕಿಟಕಿಯ ಬಿಸಿಲು ಎಲ್ಲವನ್ನೂ ಒಮ್ಮೆ ನೋಡಿದೆ, ಎರಡು ಮೆಟ್ಟಿಲಿಳಿದು ಮತ್ತೊಮ್ಮೆ ನೋಡಿದೆ.

ಎದುರು ಮನೆಯಾಕೆ ಕೇಳಿದರು, "ಏನ್ರೀ, ಬೀಗ ಹಾಕೋದು ಮರೆತ್ರಾ?"

"ಇಲ್ಲ ಕಣ್ರೀ," ಎಂದೆ. "ನಮ್ಮನೆ ಹೆಂಗಿದೆ ಅಂತ ನೋಡ್ಕೋತಾ ಇದೀನಿ."